ಕೇಸ್ ಶೀಟಿನಲ್ಲಿ ಇಲ್ಲದ 52 ವರ್ಷ

2024ರ ಜುಲೈ. ಹೊರಗೆ ಜಡಿಮಳೆ. ರಾತ್ರಿ ಹನ್ನೊಂದು ಗಂಟೆಗೆ ಅಮ್ಮನನ್ನು ಮಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆರಳಿಗೆ ಕ್ಲಿಪ್ ಸಿಕ್ಕಿಸಿದರು, ಆಕ್ಸಿಜನ್ 81 ಅಂತ ತೋರಿಸಿತು. ಒಂದು ಮಾತು ಪೂರ್ತಿ ಮಾಡುವಷ್ಟು ಉಸಿರು ಅಮ್ಮನಲ್ಲಿ ಇರಲಿಲ್ಲ. ಹಾಗಾಗಿ ಕೇಳುವುದನ್ನೆಲ್ಲ ನನ್ನ ಹತ್ತಿರವೇ ಕೇಳಿದರು. ವಯಸ್ಸು? 68. ಶುಗರ್? ಇಲ್ಲ. ಬಿ.ಪಿ.? ಉಂಟು. ಬೀಡಿ, ಸಿಗರೇಟು ಸೇದುತ್ತಾರಾ? ಇಲ್ಲ. ಅಡುಗೆ ಗ್ಯಾಸಿನಲ್ಲಾ? ಹೌದು. ಕೆಲಸ?

"ಮನೆಯಲ್ಲೇ ಇರುವುದು" ಅಂದೆ.

ಅವರು 'ಗೃಹಿಣಿ' ಅಂತ ಬರೆದುಕೊಂಡರು.

ಇದರಲ್ಲಿ ಒಂದೂ ಸುಳ್ಳಲ್ಲ. ಆದರೂ ಆ ಹಾಳೆ ಓದಿದವರಿಗೆ ನಮ್ಮ ಅಮ್ಮ ಯಾರು ಅಂತ ಗೊತ್ತಾಗುವ ಹಾಗಿರಲಿಲ್ಲ. ಅದು ನನ್ನ ತಲೆಗೆ ಹೋಗಲು ಎರಡು ತಿಂಗಳು ಬೇಕಾಯಿತು.

ಐಸಿಯುಗೆ ಹಾಕಿದರು. ಬೈಪ್ಯಾಪ್ ಅಂತ ಒಂದು ಮೆಷಿನ್ ಉಂಟು. ಮೂಗು ಬಾಯಿ ಎರಡನ್ನೂ ಮುಚ್ಚುವ ಬಿಗಿಯಾದ ಮಾಸ್ಕು, ಅದರ ಮೂಲಕ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ. ಗಂಟಲಿಗೆ ಟ್ಯೂಬ್ ಹಾಕುವುದನ್ನು ಎಷ್ಟೋ ಸಲ ಅದು ತಪ್ಪಿಸುತ್ತದೆ. ಆದರೆ ಹಾಕಿಕೊಂಡವರಿಗೆ ಹಿಂಸೆ, ಮಾತಾಡಲು ಆಗುವುದಿಲ್ಲ. ಮರುದಿನ ಬೆಳಿಗ್ಗೆ ನೋಡಲು ಬಿಟ್ಟಾಗ ಅಮ್ಮನ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ರಾತ್ರಿ ಮತ್ತೆ ಮತ್ತೆ ಮಾಸ್ಕು ಕಿತ್ತರಂತೆ. ಬೆರಳುಗಳು ಸುಮ್ಮನೆ ಗಾಳಿಯಲ್ಲಿ ಏನೋ ಹುಡುಕುತ್ತಿದ್ದವಂತೆ. 'ಗೊಂದಲದಲ್ಲಿದ್ದಾರೆ, ಸಹಕರಿಸುತ್ತಿಲ್ಲ' ಅಂತ ಬರೆದಾಗಿತ್ತು.

ಅವರ ಅನುಮಾನಕ್ಕೆ ಕಾರಣ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಅಮ್ಮನದು ಸಿಒಪಿಡಿ, ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ಈ ಕಾಯಿಲೆಯಲ್ಲಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡರೆ ಮಂಪರು ಬರುತ್ತದೆ, ತಲೆ ಕೆಡುತ್ತದೆ. ಬೆರಳು ಹೀಗೆ ಆಡುವುದೂ ಗೊಂದಲದ ಒಂದು ಲಕ್ಷಣವೇ. ಆದರೆ ಯಾಕೆ ತೆಗೆಯುತ್ತೀರಿ ಅಂತ ಅಮ್ಮನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. "ಹಠ ಮಾಡಬೇಡ ಅಮ್ಮ" ಅಂದೆ, ಅಷ್ಟೆ.

ಇನ್ನೊಂದು ತಪ್ಪೂ ಅವತ್ತೇ ಆಯಿತು. ಬೇಕಾದರೆ ವೆಂಟಿಲೇಟರ್ ಹಾಕುತ್ತೇವೆ ಅಂತ ಒಂದು ಕಾಗದ ತಂದರು, ನಾನು ಸೈನ್ ಮಾಡಿದೆ. ಅಮ್ಮ ಹತ್ತು ಹೆಜ್ಜೆ ಆಚೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಅವಳ ದೇಹ, ಅವಳ ಗಂಟಲು. ಅವಳನ್ನು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಪುಣ್ಯಕ್ಕೆ ಟ್ಯೂಬ್ ಬೇಕಾಗಲಿಲ್ಲ. ಆರು ದಿನಕ್ಕೆ ಮನೆಗೆ ಬಂದೆವು.

ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಪಾಡು. ಈ ಸಲ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋದೆವು. ನಮ್ಮ ಕಡೆ ಅವಕ್ಕೆ ಕೊರತೆ ಇಲ್ಲ. ಮಣಿಪಾಲದಲ್ಲಿ 1953ರಲ್ಲಿ, ಮಂಗಳೂರಿನಲ್ಲಿ 1955ರಲ್ಲಿ ಶುರುವಾದದ್ದು, ಆಮೇಲೆ ಬೆಳೆಯುತ್ತಲೇ ಹೋಯಿತು. ಅಲ್ಲಿನ ವಾರ್ಡಿನಲ್ಲಿ ಮಲಗಿದವರಿಗೆ ಒಂದು ಅನುಭವ ಇದ್ದೇ ಇರುತ್ತದೆ: ಕಲಿಯುವ ಮಕ್ಕಳು ಒಬ್ಬರ ಹಿಂದೆ ಒಬ್ಬರು ಬಂದು ಅದದೇ ಪ್ರಶ್ನೆ ಕೇಳುವುದು. ಅಮ್ಮನಿಗೆ ಸಾಕಾಗಿಹೋಗಿತ್ತು. ಕಣ್ಣು ಮುಚ್ಚಿ ಮಲಗಿದ ಹಾಗೆ ಮಾಡುತ್ತಿದ್ದಳು.

ಮೂರನೇ ದಿನ ಸಂಜೆ ಒಬ್ಬ ಹೌಸ್ ಸರ್ಜನ್ ರಕ್ತ ತೆಗೆಯಲು ಬಂದ. ಹಾವೇರಿ ಕಡೆಯ ಹುಡುಗ. ಟ್ರೇ ಹಿಡಿದುಕೊಂಡು ಬಂದವನು ಅಮ್ಮನ ಕೈ ನೋಡುತ್ತಾ ನಿಂತುಬಿಟ್ಟ.

ಎರಡೂ ಕೈ ಹೊದಿಕೆಯ ಮೇಲೆ ಇದ್ದವು. ಎಡಗೈ ಏನನ್ನೋ ಹಿಡಿದ ಹಾಗೆ ಅರ್ಧ ಬಾಗಿತ್ತು. ಬಲಗೈಯ ಎರಡು ಬೆರಳು ಒಂದು ಚಿಟಿಕೆ ತೆಗೆದು ಉದುರಿಸಿದ ಹಾಗೆ ಮಾಡಿದವು. ಆಮೇಲೆ ಎರಡೂ ಹೆಬ್ಬೆರಳು ಸೇರಿ ಸುರುಟಿದವು. ತುದಿ ಮಡಚಿದ ಹಾಗೆ ಒಂದು ಒತ್ತು. ನೂಲು ಸುತ್ತಿದ ಹಾಗೆ ಒಂದು ಸುತ್ತು. ಮತ್ತೆ ಮೊದಲಿನಿಂದ. ಹುಟ್ಟಿದಾಗಿನಿಂದ ನೋಡಿದ ಕೈ ಅದು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಅಜ್ಜಿ, ಕೈಯಾಗ ಏನ್ ಮಾಡಾಕತ್ತೀರಿ?"

ಅಮ್ಮ ಕಣ್ಣು ತೆರೆದಳು. "ಬೀಡಿ ಮಗಾ. ಸುಮ್ನೆ. ನಿದ್ದೆ ಬರುವುದಿಲ್ಲ ಅಲ್ವಾ, ಎಣಿಸ್ತಾ ಇದ್ದೆ. ಇಪ್ಪತ್ತೈದು ಆದರೆ ಒಂದು ಕಟ್ಟು."

ಅವನು ಟ್ರೇಯನ್ನು ಕೆಳಗಿಟ್ಟು ಸ್ಟೂಲ್ ಎಳೆದು ಕೂತ. ಎಷ್ಟು ವರ್ಷ ಕಟ್ಟಿದ್ದೀರಿ, ಎಲ್ಲಿ ಕೂತು ಕಟ್ಟುತ್ತಿದ್ದಿರಿ, ಹೊಗೆಸೊಪ್ಪಿನ ಪುಡಿ ಎಲ್ಲಿ ಇಡುತ್ತಿದ್ದಿರಿ ಅಂತ ಒಂದೊಂದೇ ಕೇಳಿದ. ಅಮ್ಮ ಹೇಳುತ್ತಾ ಹೋದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟದ್ದು. 1967ರಲ್ಲಿ, ಹನ್ನೊಂದನೇ ವಯಸ್ಸಿಗೆ, ಅಕ್ಕನ ಪಕ್ಕ ತಡ್ಪೆ ಇಟ್ಟುಕೊಂಡು ಕೂತದ್ದು. ತಡ್ಪೆ ಅಂದರೆ ತುಳುವಿನಲ್ಲಿ ಮೊರ. ಮಳೆಗಾಲದಲ್ಲಿ ಪುಡಿ ತಂಡಿ ಆಗಬಾರದು ಅಂತ ಕಿಟಕಿ ಬಾಗಿಲು ಹಾಕಿಕೊಂಡು ಕಟ್ಟಿದ್ದು. ಪುಡಿಯ ಘಾಟಿಗೆ ಮೊದಮೊದಲು ವಾಂತಿ ಬರುತ್ತಿದ್ದದ್ದು, ಆಮೇಲೆ ಅಭ್ಯಾಸ ಆದದ್ದು. 2019ರಲ್ಲಿ ಬೆರಳು ಮಡಚಲು ಆಗದೆ ಬಿಟ್ಟದ್ದು. 52 ವರ್ಷ.

"ಮತ್ತೆ ಇಲ್ಲಿ ಹೌಸ್‌ವೈಫ್ ಅಂತ ಐತಲ್ಲ ಅಕ್ಕಾ?" ಅಂತ ನನ್ನ ಕಡೆ ತಿರುಗಿದ.

ನನಗೆ ಮಾತು ಹೊರಡಲಿಲ್ಲ. ನಮ್ಮ ಮನೆಯ ಕಪಾಟಿನಲ್ಲಿ ಅಮ್ಮನ ಬೀಡಿ ಪಾಸ್ ಪುಸ್ತಕ ಉಂಟು, ಪಿ.ಎಫ್. ಕಾಗದ ಉಂಟು. ಬೀಡಿ ಕೆಲಸಗಾರರಿಗಾಗಿ 1966ರಲ್ಲಿ ಕಾನೂನು ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾನೂನು ಬಂತು. ಸರ್ಕಾರದ ಲೆಕ್ಕದಲ್ಲಿ ಅಮ್ಮ ಕಾರ್ಮಿಕಳು. ಅವಳು ಕಟ್ಟಿದ ಬೀಡಿಯಲ್ಲಿ ಓದಿ ಟೀಚರ್ ಆದ ಮಗಳ ಬಾಯಲ್ಲಿ ಮಾತ್ರ 'ಮನೆಯಲ್ಲೇ ಇರುವುದು'. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಹೀಗೇ. ಚಾವಡಿಯಲ್ಲಿ ಕೂತು ಮಾಡಿದ ಕೆಲಸ ನಮಗೆ ಕೆಲಸ ಅನ್ನಿಸುವುದಿಲ್ಲ.

ಅವನು ಇನ್ನೂ ಒಂದು ಕೇಳಿದ. ಬೆಳಿಗ್ಗೆ ಎದ್ದ ಕೂಡಲೆ ಏನು ಮಾಡ್ತೀರಿ? ಅಮ್ಮ ಹೇಳಿದಳು: ಐದು ಗಂಟೆಗೆ ಬಚ್ಚಲ ಒಲೆಗೆ ಬೆಂಕಿ ಹಾಕುವುದು. ಅಡುಗೆಗೆ ಗ್ಯಾಸ್ ಬಂದು ಹತ್ತಿಪ್ಪತ್ತು ವರ್ಷ ಆಯಿತು, ಆದರೆ ಸ್ನಾನದ ನೀರಿಗೆ ಈಗಲೂ ಹಂಡೆಯೇ. ಮಡಲು, ತೆಂಗಿನ ಸಿಪ್ಪೆ, ಮಳೆಗಾಲದಲ್ಲಿ ಅರ್ಧ ಒಣಗಿದ ಸೌದೆ. ಊದುಕೊಳವೆ ಹಿಡಿದು ಒಲೆಯ ಬಾಯಿಗೆ ಮುಖ ಕೊಟ್ಟು ಊದುವುದು. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೆ ಸಿಒಪಿಡಿ ಬರಲು ಸೌದೆ ಹೊಗೆ ಒಂದು ದೊಡ್ಡ ಕಾರಣ. ಹೊಗೆಸೊಪ್ಪಿನ ಧೂಳೂ ಶ್ವಾಸಕ್ಕೆ ಒಳ್ಳೆಯದಲ್ಲ. ಅಮ್ಮನಿಗೆ ಎರಡೂ ಇತ್ತು. ಜುಲೈಯ ಫಾರಂನಲ್ಲಿ ಎರಡೂ ಇರಲಿಲ್ಲ.

ಅವನು ಎದ್ದಾಗ ನಾನು ಗೋಡೆ ಗಡಿಯಾರ ನೋಡಿದೆ. ಹನ್ನೆರಡು ನಿಮಿಷ ಆಗಿತ್ತು.

ಆಮೇಲೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. 1984ರಲ್ಲಿ ಅಮೆರಿಕದಲ್ಲಿ 74 ಭೇಟಿಗಳನ್ನು ರೆಕಾರ್ಡ್ ಮಾಡಿ ನೋಡಿದ್ದರಂತೆ. ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಿದ್ದರು. 1999ರಲ್ಲಿ ಮತ್ತೆ ನೋಡಿದಾಗ 23 ಸೆಕೆಂಡು. ಬಿಟ್ಟರೆ ರೋಗಿಗಳು ಎಲ್ಲಿಯವರೆಗೆ ಮಾತಾಡುತ್ತಾರೆ ಅಂತ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಡಾಕ್ಟರುಗಳು ನೋಡಿದರು. ನಮಗೆ ಬಾಸೆಲ್ ಅಂದರೆ ಹೆಂಚಿನ ಕಾರ್ಖಾನೆ ನೆನಪಾಗುತ್ತದೆ, 1865ರಲ್ಲಿ ಮಂಗಳೂರಿನಲ್ಲಿ ಅದನ್ನು ಶುರು ಮಾಡಿದ ಮಿಶನ್ನಿನವರು ಆ ಊರಿಂದಲೇ ಬಂದದ್ದು. ಆ ಊರಿನ ಆಸ್ಪತ್ರೆಯಲ್ಲಿ 335 ರೋಗಿಗಳನ್ನು ಅವರಷ್ಟಕ್ಕೆ ಮಾತಾಡಲು ಬಿಟ್ಟರು. 2002ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಸರಾಸರಿ 92 ಸೆಕೆಂಡಿಗೆ ಅವರ ಮಾತು ಮುಗಿದಿತ್ತು. ನೂರರಲ್ಲಿ 78 ಮಂದಿಯದು ಎರಡು ನಿಮಿಷದ ಒಳಗೆ. ನಮ್ಮ ಒಪಿಡಿಗಳಲ್ಲಿ ಬೆಳಿಗ್ಗೆ ಏಳಕ್ಕೇ ಕ್ಯೂ ನಿಂತಿರುತ್ತದೆ, ನಿಜ. ಡಾಕ್ಟರುಗಳೂ ಮನುಷ್ಯರು. ಆದರೆ ಒಂದೂವರೆ ನಿಮಿಷ ಜಾಸ್ತಿ ಅಂತ ನನಗೆ ಅನ್ನಿಸುವುದಿಲ್ಲ.

ಆ ಹುಡುಗ ಕಾಲೇಜಿಗೆ ಸೇರಿದ್ದು 2019ರಲ್ಲಂತೆ. ಆ ವರ್ಷದಿಂದ ಎಂಬಿಬಿಎಸ್ ಪಾಠ ಬದಲಾಯಿತು. ನಡವಳಿಕೆ, ನೀತಿ, ರೋಗಿಯ ಹತ್ತಿರ ಮಾತಾಡುವುದು ಇವನ್ನೂ ಪಾಠವಾಗಿ ಕಲಿಸಬೇಕು ಅಂತ ಆಯಿತು. ಅವನ ವಿಭಾಗದ ಹಿರಿಯ ಡಾಕ್ಟರು ಒಬ್ಬರು ಮೇಡಂ. ಅವನು ಹೇಳಿದ್ದನ್ನು ಕೇಳಿ ಮರುದಿನ ಅವರೇ ಬಂದರು. ಊದುವ ಪರೀಕ್ಷೆ ಮಾಡಿಸಿದರು. ಔಷಧಿ ಎಳೆದ ಮೇಲೂ ಮೊದಲ ಸೆಕೆಂಡಿನಲ್ಲಿ ಹೊರಗೆ ಬರುವ ಗಾಳಿ ಒಟ್ಟು ಗಾಳಿಯ 0.70ಕ್ಕಿಂತ ಕಮ್ಮಿ ಇದ್ದರೆ ಶ್ವಾಸನಾಳ ಕಟ್ಟಿದೆ ಅಂತ ಅರ್ಥ. ಅಮ್ಮನದು 0.54. "ಕಥೆ ಕೇಳಿ ಕಾಯಿಲೆ ಹೇಳಲು ಆಗುವುದಿಲ್ಲ, ಪರೀಕ್ಷೆ ಬೇಕು. ಆದರೆ ಕಥೆ ಕೇಳದಿದ್ದರೆ ಮನೆಗೆ ಹೋಗಿ ಮತ್ತೆ ಅದೇ ಒಲೆ ಊದುತ್ತಾರೆ" ಅಂದರು.

ಅವರೇ ನನಗೆ ಒಂದು ಕೆಲಸ ಕೊಟ್ಟರು. "ನೀವು ಟೀಚರ್ ಅಲ್ವಾ? ಅಮ್ಮನ ಕಥೆ ಬರೆದುಕೊಳ್ಳಿ. ನಮಗೆ ಒಂದು ಪುಟ ಸಾಕು. ಉಳಿದದ್ದು ನಿಮ್ಮ ಮನೆಗೆ."

ಇದಕ್ಕೊಂದು ಹೆಸರೂ ಉಂಟು ಅಂತ ಅವರಿಂದಲೇ ಗೊತ್ತಾಯಿತು, ನೆರೇಟಿವ್ ಮೆಡಿಸಿನ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ರೀಟಾ ಶರಾನ್ ಎಂಬ ವೈದ್ಯೆ 2000ದ ಹೊತ್ತಿಗೆ ಈ ಹೆಸರು ಕೊಟ್ಟದ್ದು. ಅವರು ಇಂಗ್ಲಿಷ್ ಸಾಹಿತ್ಯದಲ್ಲೂ ಪಿಎಚ್.ಡಿ. ಮಾಡಿದವರು. ಕಥೆಯನ್ನು ಗಮನವಿಟ್ಟು ಓದಲು ಕಲಿತವರು ರೋಗಿಯ ಮಾತನ್ನೂ ಗಮನವಿಟ್ಟು ಕೇಳುತ್ತಾರೆ ಅನ್ನುವುದು ಅವರ ವಾದ. 2009ರಿಂದ ಅಲ್ಲಿ ಅದಕ್ಕೊಂದು ಸ್ನಾತಕೋತ್ತರ ಪದವಿಯೇ ಉಂಟು. ಕನ್ನಡ ಪಾಠ ಮಾಡುವ ನನಗೆ ಇದು ಒಳಗೆ ಎಲ್ಲೋ ತಟ್ಟಿತು. ಒಂದು ಪದ್ಯಕ್ಕೆ ಮೂರು ಪೀರಿಯಡ್ ಕೊಡುತ್ತೇನೆ. ಅಮ್ಮನ ಒಂದು ಮಾತಿಗೆ ಮೂರು ನಿಮಿಷ ಕೊಟ್ಟಿರಲಿಲ್ಲ.

ಮೇಡಂ ಕೆಲವು ಪ್ರಶ್ನೆ ಬರೆದುಕೊಟ್ಟರು. ಈ ಕಾಯಿಲೆಗೆ ನೀವು ಏನಂತ ಹೇಳುತ್ತೀರಿ? ಯಾಕೆ ಬಂತು ಅಂತ ನಿಮಗೆ ಅನ್ನಿಸುತ್ತದೆ? ಇದರಲ್ಲಿ ನಿಮಗೆ ಜಾಸ್ತಿ ಹೆದರಿಕೆ ಯಾವುದಕ್ಕೆ? ಇವು 1970ರ ದಶಕದಲ್ಲಿ ಆರ್ಥರ್ ಕ್ಲೈನ್‌ಮನ್ ಎಂಬ ಅಮೆರಿಕದ ಮನೋವೈದ್ಯರು ಸಿದ್ಧ ಮಾಡಿದ ಪ್ರಶ್ನೆಗಳ ಸಾಲಿನವು. ಇನ್ನೆರಡು ಕೆನಡಾದಲ್ಲಿ ಸಾವಿನ ಹತ್ತಿರ ಇರುವವರಿಗಾಗಿ ಹಾರ್ವೆ ಚೋಚಿನೋವ್ ಎಂಬ ವೈದ್ಯರು ಮಾಡಿದ ಪದ್ಧತಿಯಿಂದ ತೆಗೆದದ್ದು: ನಿಮ್ಮ ಬದುಕಿನಲ್ಲಿ ಯಾವುದು ಜಾಸ್ತಿ ನೆನಪಿದೆ? ಯಾವಾಗ ತುಂಬ ಜೀವ ತುಂಬಿಕೊಂಡ ಹಾಗೆ ಇದ್ದಿರಿ?

ದಸರಾ ರಜೆಯಲ್ಲಿ ಶುರು ಮಾಡಿದೆ. ಸಂಜೆ ನಾಲ್ಕರಿಂದ ಐದು, ಇನ್ನೂರು ಪುಟದ ಶಾಲೆಯ ನೋಟ್ ಬುಕ್ಕು. ಮೊದಲ ದಿನ ಅಮ್ಮ ಏನೂ ಹೇಳಲಿಲ್ಲ. "ಎಂತ ಬರೆಯುವುದು ಮಾರಾಯ್ತಿ, ಬೀಡಿ ಕಟ್ಟಿದ್ದು, ನಿಮ್ಮನ್ನು ಸಾಕಿದ್ದು" ಅಂದಳು. ಎರಡನೇ ದಿನ ನಾನು ಕನ್ನಡ ಬಿಟ್ಟು ತುಳುವಿನಲ್ಲಿ ಕೇಳಿದೆ. ಮನೆಯಲ್ಲಿ ನಾವು ಮಾತಾಡುವುದೇ ತುಳು. ಪ್ರಶ್ನೆ ಕಾಗದದಲ್ಲಿ ಕನ್ನಡದಲ್ಲಿದೆ ಅಂತ ನಾನು ಕನ್ನಡದಲ್ಲಿ ಓದಿದ್ದೆ, ಡಾಕ್ಟರ ಹಾಗೆ. ತುಳುವಿನಲ್ಲಿ ಕೇಳಿದ ಕೂಡಲೆ ಮಾತು ಹರಿಯಿತು.

ಯಾವಾಗ ಜೀವ ತುಂಬಿಕೊಂಡ ಹಾಗೆ ಇದ್ದೆ ಅಂತ ಕೇಳಿದೆ. ನನ್ನ ಮದುವೆ, ಅಣ್ಣನಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿದ್ದು, ಹೀಗೆ ಏನಾದರೂ ಹೇಳುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಹೇಳಿದ್ದು 1983ರ ಏಪ್ರಿಲ್. ಮುಳಿಹುಲ್ಲಿನ ಮಾಡು ತೆಗೆದು ಹೆಂಚು ಹಾಕಿದ್ದು. ಆ ವರ್ಷದ ಬೀಡಿ ಬೋನಸ್ಸಿಗೆ ಮೂರು ವರ್ಷ ಕೂಡಿಟ್ಟ ದುಡ್ಡು ಸೇರಿಸಿ, ಗುರುಪುರದ ಕಡೆಯಿಂದ ಲಾರಿಯಲ್ಲಿ ಹೆಂಚು ತರಿಸಿದ್ದು. ಮೊದಲ ಮಳೆ ಬಂದ ರಾತ್ರಿ ಅಮ್ಮ ಮಲಗಲಿಲ್ಲವಂತೆ. ಎದ್ದು ಕೂತು ಎಲ್ಲಿ ಸೋರುತ್ತದೆ ಅಂತ ನೋಡುತ್ತಿದ್ದಳಂತೆ. ಎಲ್ಲೂ ಸೋರಲಿಲ್ಲ. "ಆ ಶಬ್ದ ಉಂಟಲ್ಲ, ಹೆಂಚಿನ ಮೇಲೆ ಬೀಳುವುದು. ನಾನು ಕಟ್ಟಿದ ಬೀಡಿಯೆಲ್ಲ ಎಣಿಸಿದ ಹಾಗೆ ಕೇಳ್ತಿತ್ತು."

ನಾಲ್ಕನೇ ಸಂಜೆ ಇನ್‌ಹೇಲರ್ ವಿಷಯ ಬಂತು. ಡಾಕ್ಟರು ದಿನಕ್ಕೆ ಎರಡು ಸಲ ಅಂತ ಹೇಳಿದ್ದರು, ಅಮ್ಮ ದಮ್ಮು ಜೋರಾದಾಗ ಮಾತ್ರ ಎಳೆಯುತ್ತಿದ್ದಳು. ಅದೂ ಎಲ್ಲಿ? ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು. ಮೊಮ್ಮಗಳಿಗೆ ಗಂಡು ನೋಡುವ ಸಮಯ. ದಮ್ಮಿನ ಮನೆ ಅಂತ ಹೆಸರು ಬಂದರೆ? ಹಾಗಾಗಿ ಹಂಡೆಯ ಹಿಂದಿನ ಗೂಡಿನಲ್ಲಿ ಮದ್ದು ಇಟ್ಟಿದ್ದಳು. ಶ್ವಾಸಕ್ಕೆ ಕೊಟ್ಟ ಮದ್ದನ್ನು ಹೊಗೆಯ ನಡುವೆ ನಿಂತು ಎಳೆಯುತ್ತಿದ್ದಳು. ಆಸ್ಪತ್ರೆಯ ಚೀಟಿಯಲ್ಲಿ ಇದಕ್ಕೆ 'ಔಷಧಿ ಸರಿಯಾಗಿ ತೆಗೆದುಕೊಳ್ಳುವುದಿಲ್ಲ' ಅಂತ ಒಂದೇ ಗೆರೆ. ಇದನ್ನು ಕೇಳಿದ ಮೇಲೆ ಮೇಡಂ ಮೊಮ್ಮಗಳನ್ನೇ ಕರೆದು ಮಾತಾಡಿದರು, ಇದು ಹೊಗೆಯಿಂದ ಬಂದದ್ದು ಅಂತ ಅವಳ ಎದುರೇ ಅಮ್ಮನಿಗೆ ವಿವರಿಸಿದರು. ಬೆರಳಿನ ಸೆಟೆತ ನೋಡಿ ಸ್ಪೇಸರ್ ಇರುವ ಇನ್‌ಹೇಲರ್ ಕೊಟ್ಟರು. ಸ್ಪೇಸರ್ ಅಂದರೆ ಇನ್‌ಹೇಲರಿನ ಬಾಯಿಗೆ ಸಿಕ್ಕಿಸುವ ಡಬ್ಬಿಯಂಥ ಕೊಳವೆ. ಬಚ್ಚಲಿಗೆ ಗೀಸರ್ ಹಾಕಿಸಿದೆವು. ಹಂಡೆ ಹೋದದ್ದು ಅಮ್ಮನಿಗೆ ಈಗಲೂ ಬೇಸರ.

ಮಾಸ್ಕಿನ ವಿಷಯ ಅಮ್ಮ ತಾನಾಗಿ ಹೇಳಿದ್ದು, ಕಡೆಯ ಸಂಜೆ.

ಜುಲೈಯ ಆ ರಾತ್ರಿ ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬ ಮುದುಕಿ ಇದ್ದಳಂತೆ. ರಾತ್ರಿಯಿಡೀ "ಒಂತೆ ನೀರ್ ಕೊರ್ಲೆ, ಒಂತೆ ನೀರ್ ಕೊರ್ಲೆ" ಅನ್ನುತ್ತಿದ್ದಳಂತೆ. ಸ್ವಲ್ಪ ನೀರು ಕೊಡಿ ಅಂತ. ಡ್ಯೂಟಿಯಲ್ಲಿದ್ದ ನರ್ಸು ಹೊರಗಿನ ಹುಡುಗಿ, ತುಳು ಬರುತ್ತಿರಲಿಲ್ಲ. ಅವಳು ಪಾಪ ಓಡಿ ಬಂದು ಹೊದಿಕೆ ಸರಿ ಮಾಡುತ್ತಾಳೆ, ದಿಂಬು ಸರಿ ಮಾಡುತ್ತಾಳೆ, ಏನು ಬೇಕು ಅಂತ ಗೊತ್ತಾಗುವುದಿಲ್ಲ. ಅಮ್ಮ ಮಾಸ್ಕು ತೆಗೆದದ್ದು ಅದಕ್ಕೆ. "ಆಯಮ್ಮನಿಗೆ ನೀರು ಬೇಕಂತೆ ಮಗಾ" ಅಂತ ಹೇಳಲು. ಉಸಿರು ಸಾಲದೆ ಮಾತು ಹೊರಗೆ ಬರುವ ಮೊದಲೇ ಮಾಸ್ಕು ಮತ್ತೆ ಮುಖಕ್ಕೆ ಬರುತ್ತಿತ್ತು. ನಾಲ್ಕನೇ ಸಲಕ್ಕೆ ಕೈ ಕಟ್ಟಿದರು.

ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. "ಯಾಕೆ ನನಗೆ ಹೇಳಲಿಲ್ಲ ಅಮ್ಮ?"

"ನೀನು ಹಠ ಮಾಡಬೇಡ ಅಂದೆಯಲ್ಲ."

ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳಬೇಕು ಅಂತ ಮೇಡಂ ಮೊದಲೇ ಹೇಳಿದ್ದರು. ಅದು ಈ ಕೆಲಸದ ಅರ್ಧ ಭಾಗ. ಓದಿದೆ. ಅಮ್ಮ ಎರಡು ಕಡೆ ತಿದ್ದಿದಳು, ಒಂದು ಕಡೆ ನನ್ನ ಕೈ ಹಿಡಿದಳು. "ಇದು ಬೇಡ. ಇದು ನಿನಗೆ ಹೇಳಿದ್ದು." ಆ ಎರಡು ಪುಟ ಹರಿದು ಅವಳ ಕೈಗೆ ಕೊಟ್ಟೆ. ಅದರಲ್ಲಿ ಏನಿತ್ತು ಅಂತ ಡಾಕ್ಟರಿಗೂ ಹೇಳಲಿಲ್ಲ, ಇಲ್ಲೂ ಬರೆಯುವುದಿಲ್ಲ. ಕಾಯಿಲೆ ಬಿದ್ದವರ ಮೈಯನ್ನು ಹೇಗೂ ಎಲ್ಲರೂ ನೋಡುತ್ತಾರೆ. ಕಥೆಯಲ್ಲಿ ಎಷ್ಟು ತೋರಿಸಬೇಕು ಅನ್ನುವುದಾದರೂ ಅವರ ಕೈಯಲ್ಲಿ ಇರಬೇಕು ಅಂತ ನನಗೆ ಅವತ್ತು ಬಲವಾಗಿ ಅನ್ನಿಸಿತು. ಪಾಠಕ್ಕೆ ಬಳಸಬಹುದಾ ಅಂತ ಮೇಡಂ ಕೇಳಿದಾಗಲೂ ಅಮ್ಮ ನಾಲ್ಕು ದಿನ ಯೋಚನೆ ಮಾಡಿದಳು. ಹೆಸರು, ಊರು ಬೇಡ, ಬೀಡಿ ಇರಲಿ ಅಂದಳು. ನಾನು ಇಲ್ಲಿ ಬರೆಯುತ್ತಿರುವುದೂ ಅದೇ ಶರತ್ತಿನ ಮೇಲೆ, ಅವಳಿಗೆ ಓದಿ ಹೇಳಿ.

ಕಡೆಗೆ ಫೈಲಿಗೆ ಹೋದ ಪುಟ ಹೀಗಿತ್ತು:

"ನನ್ನ ಮಾತು ತುಳು. ಕನ್ನಡ ಬರುತ್ತದೆ, ಆದರೆ ಉಸಿರು ಕಟ್ಟಿದಾಗ ಕನ್ನಡ ಬರುವುದಿಲ್ಲ. 52 ವರ್ಷ ಬೀಡಿ ಕಟ್ಟಿದ್ದೇನೆ, ದಿನಕ್ಕೆ ಸಾವಿರ. ಅದಕ್ಕಿಂತ ಜಾಸ್ತಿ ವರ್ಷ ಒಲೆ ಊದಿದ್ದೇನೆ. ಬೆರಳು ಆಡಿಸುತ್ತಿದ್ದರೆ ಲೆಕ್ಕ ಮಾಡುತ್ತಿದ್ದೇನೆ, ತಲೆ ಸರಿ ಉಂಟು. ಅನುಮಾನ ಇದ್ದರೆ ಎಷ್ಟಾಯಿತು ಅಂತ ಕೇಳಿ. ಮಾಸ್ಕು ಹಾಕಿ, ತೊಂದರೆ ಇಲ್ಲ. ನಾನು ತೆಗೆದರೆ ಏನೋ ಹೇಳಲಿಕ್ಕುಂಟು. ಕೈ ಕಟ್ಟಬೇಡಿ. ಗಂಟಲಿಗೆ ಟ್ಯೂಬ್ ಬೇಡ. ಏನಿದ್ದರೂ ಮೊದಲು ನನಗೆ ಹೇಳಿ, ಆಮೇಲೆ ಮಕ್ಕಳಿಗೆ."

ಟ್ಯೂಬಿನ ಮಾತಿಗೆ ಅಣ್ಣ ಒಪ್ಪಲಿಲ್ಲ. ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದ. "ಅಮ್ಮನಿಗೆ ಏನು ಗೊತ್ತು? ನಾಳೆ ಊರವರು ಮಗ ದುಡ್ಡು ಉಳಿಸಿದ ಅಂತ ಹೇಳುವುದಿಲ್ವಾ?" ಅಂದ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಅವನಿಗೆ ನಾನು ನೋಟ್ ಬುಕ್ಕಿನ ಒಂದು ಭಾಗ ಓದಲು ಕೊಟ್ಟೆ, ಅಮ್ಮನ ಒಪ್ಪಿಗೆ ಕೇಳಿಯೇ. ಅದು ದೊಡ್ಡಮ್ಮನ ವಿಷಯ. ಅಮ್ಮನಿಗೆ ಬೀಡಿ ಕಟ್ಟಲು ಕಲಿಸಿದ ಅಕ್ಕ. 22 ದಿನ ವೆಂಟಿಲೇಟರಿನಲ್ಲಿದ್ದು ತೀರಿಕೊಂಡವಳು. ಅದು ನಮಗೆಲ್ಲ ಗೊತ್ತಿತ್ತು. ಅಮ್ಮ ದಿನಾ ಬಸ್ಸು ಹಿಡಿದು ಹೋಗಿ ಐಸಿಯು ಬಾಗಿಲಲ್ಲಿ ಕೂರುತ್ತಿದ್ದದ್ದು, ಒಳಗೆ ಬಿಟ್ಟಾಗ ಅಕ್ಕ ಏನೋ ಹೇಳಲು ತುಟಿ ಅಲುಗಿಸುತ್ತಿದ್ದದ್ದು, ಅದು ಏನು ಅಂತ 22 ದಿನವೂ ತಿಳಿಯದೇ ಹೋದದ್ದು ಗೊತ್ತಿರಲಿಲ್ಲ. ಅಣ್ಣ ಓದಿ ಜಗಲಿಯಲ್ಲಿ ತುಂಬ ಹೊತ್ತು ಕೂತಿದ್ದ.

ಕಾನೂನು ಏನು ಹೇಳುತ್ತದೆ ಅಂತ ಮೇಡಂ ತಿಳಿಸಿದರು. ಬುದ್ಧಿ ಸ್ಥಿಮಿತದಲ್ಲಿ ಇರುವ ರೋಗಿ ಬೇಡ ಅಂದರೆ ಬೇಡ. ಮಾತಾಡಲು ಆಗದ ಸ್ಥಿತಿ ಬಂದರೆ, ವಾಸಿಯಾಗುವ ಆಸೆಯೂ ಇಲ್ಲದಿದ್ದರೆ ಏನು ಮಾಡಬೇಕು ಅಂತ ಮೊದಲೇ ಬರೆದಿಡಬಹುದು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಅದಕ್ಕೆ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಜನ ಆ ಗೋಜಿಗೆ ಹೋಗುವುದು ಕಷ್ಟವೇ. 2023ರ ಜನವರಿಯಲ್ಲಿ ಅದನ್ನು ಸುಲಭ ಮಾಡಿದರು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ಜಾರಿ ಮಾಡುವಾಗ ಆಸ್ಪತ್ರೆಯಲ್ಲಿ ವೈದ್ಯರ ಎರಡು ಮಂಡಳಿ ನೋಡಿ ಒಪ್ಪಬೇಕು. 2025ರ ಜನವರಿ 30ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಆದೇಶ ಮಾಡಿತು. ಫೆಬ್ರವರಿಯಲ್ಲಿ ನಾವು ಮಂಗಳೂರಿನ ಒಬ್ಬ ನೋಟರಿಯ ಹತ್ತಿರ ಹೋದೆವು. ಅವರಿಗೆ ಇದು ಮೊದಲನೆಯದು. ಎರಡು ಸಲ ಓದಿದರು. ಆಮೇಲೆ ಕಾಗದ ಬದಿಗಿಟ್ಟು ಅಮ್ಮನನ್ನೇ ಕೇಳಿದರು, "ಅಮ್ಮಾ, ಇದು ನೀವೇ ಹೇಳಿದ್ದಾ? ಮಕ್ಕಳು ಹೇಳಿಸಿದ್ದಾ?" ಅಮ್ಮ ದೊಡ್ಡಮ್ಮನ ಕಥೆ ಶುರು ಮಾಡಿದಳು. ಅವರು ಪೂರ್ತಿ ಕೇಳಿದರು. ಒಂದು ಪ್ರತಿ ಪಂಚಾಯತಿಗೆ ಕೊಡಬೇಕಿತ್ತು. ಅಲ್ಲಿಯೂ ಇದು ಹೊಸತು, ಎರಡು ಸಲ ಹೋಗಬೇಕಾಯಿತು. ಸಾಕ್ಷಿ ಸಹಿ ಹಾಕಿದವರಲ್ಲಿ ಒಬ್ಬರು ಪಕ್ಕದ ಮನೆಯ ಬಾಯಮ್ಮ, ಅಮ್ಮನ ಜೊತೆ ಬೀಡಿ ಕಟ್ಟಿದವರು. ಅಮ್ಮನ ಪರವಾಗಿ ಮಾತಾಡುವವರು ಯಾರು ಅನ್ನುವ ಕಡೆ ಅಣ್ಣನ ಹೆಸರು ಬರೆಸಿದ್ದು ಅಮ್ಮನೇ. ನನ್ನದಲ್ಲ.

2025ರ ಜೂನ್. ಶಾಲೆ ಶುರುವಾಗಿ ಎರಡು ವಾರ. ಮತ್ತೆ ರಾತ್ರಿ, ಮತ್ತೆ ಮಳೆ, ಅದೇ ಮೆಡಿಕಲ್ ಕಾಲೇಜಿನ ಕ್ಯಾಶುವಾಲ್ಟಿ. ಹಾವೇರಿಯ ಹುಡುಗ ಹೌಸ್ ಸರ್ಜನ್ಸಿ ಮುಗಿಸಿ ಹೋಗಿದ್ದ. ಮೇಡಂ ಡ್ಯೂಟಿಯಲ್ಲಿ ಇರಲಿಲ್ಲ. ಒಬ್ಬ ಹೊಸ ಡಾಕ್ಟರು, ಹೊಸ ನರ್ಸು. ಆಕ್ಸಿಜನ್ 83. ನಾನು ಪ್ಲಾಸ್ಟಿಕ್ ಕವರಿನಿಂದ ಆ ಪುಟ ತೆಗೆದು ಕೊಟ್ಟೆ. ಕೈ ನಡುಗುತ್ತಿತ್ತು. ಅವರು ಓದುತ್ತಾರೋ, ಫೈಲಿಗೆ ಸಿಕ್ಕಿಸುತ್ತಾರೋ?

ನರ್ಸು ನಿಂತಲ್ಲೇ ಓದಿದಳು. ಓದಿ ಬಾಗಿಲ ಕಡೆ ತಿರುಗಿ ಕೂಗಿದಳು: "ಇಲ್ಲಿ ತುಳು ಬರುವವರು ಯಾರಿದ್ದೀರಿ?" ಟ್ರಾಲಿ ತಳ್ಳುವ ಅಣ್ಣ ಬಂದರು. ಅಮ್ಮನ ತಲೆಯ ಹತ್ತಿರ ನಿಂತು, ಮಾಸ್ಕು ಹಾಕುತ್ತಾರೆ, ಹೇಳಲಿಕ್ಕಿದ್ದರೆ ಕೈ ಎತ್ತಿ ಅಂತ ತುಳುವಿನಲ್ಲಿ ಹೇಳಿದರು. ನಾನು ಮಾನಿಟರ್ ನೋಡಿ ಇನ್ನೂ ಆಕ್ಸಿಜನ್ ಜಾಸ್ತಿ ಮಾಡಿ ಅಂತ ಅಂದೆ. ಈ ಕಾಯಿಲೆಯಲ್ಲಿ 88ರಿಂದ 92ರ ನಡುವೆ ಇದ್ದರೆ ಸಾಕು, ಜಾಸ್ತಿ ಕೊಟ್ಟರೇ ಅಪಾಯ ಅಂತ ಡಾಕ್ಟರು ಸಮಾಧಾನವಾಗಿ ಹೇಳಿದರು. ಆಮೇಲೆ ಅಮ್ಮನ ಕಡೆ ಬಗ್ಗಿ, ತಲೆ ಸರಿ ಇದೆಯಾ ಅಂತ ನೋಡಲು ಇರಬೇಕು, ಪುಟವನ್ನು ಜೋರಾಗಿ ಓದಿದರು. "ಅಮ್ಮಾ, 52 ವರ್ಷ ಬೀಡಿ ಕಟ್ಟಿದ್ದಾ? ದಿನಕ್ಕೆ ಸಾವಿರ?"

ಅಮ್ಮ ಕೈ ಎತ್ತಿದಳು. ನರ್ಸು ಮಾಸ್ಕಿನ ಪಟ್ಟಿ ಸ್ವಲ್ಪ ಸಡಿಲ ಮಾಡಿದಳು.

"ಏಳುನೂರು" ಅಂದಳು ಅಮ್ಮ. ಒಂದು ಉಸಿರು ಎಳೆದುಕೊಂಡಳು. "ಸಾವಿರ ಅಕ್ಕ ಕಟ್ಟುತ್ತಿದ್ದದ್ದು."

ಡಾಕ್ಟರು ಜೇಬಿನಿಂದ ಪೆನ್ನು ತೆಗೆದು ಅದನ್ನು ತಿದ್ದಿದರು.